ಕೆಳಗಿನವರ ಕರೆಂಟು

"ಏನೇ, ಕರೆಂಟ್ ಉರಿಸ್ತಿದ್ದೀಯೋ, ಇಲ್ಲ ಲೋಟಕ್ಕೆ ಬಗ್ಗಿಸ್ಕೊಂಡು ಕುಡೀತಿದ್ದೀಯೋ?"

ಓನರು ಮೆಟ್ಟಿಲ ಮೇಲಿಂದಲೇ ಕೂಗಿದ. ಕೆಳಗೆ ಅಂಗಳದಲ್ಲಿ ಇಸ್ತ್ರಿಯವಳು ಬಿಳಿ ಅಂಗಿಯೊಂದರ ಕಾಲರಿನ ಮೇಲೆ ಪೆಟ್ಟಿಗೆ ಒತ್ತುತ್ತಿದ್ದಳು. ಅಂಗಿಯೂ ಅವನದೇ. ಅವಳು ತಲೆಯೆತ್ತಲಿಲ್ಲ.

"ಕುಡಿಯೋಕೆ ನಲ್ಲೀಲಿ ನೀರೇ ಬರಲ್ಲ ಸಾಮಿ, ಕರೆಂಟ್ ಎಲ್ಲಿಂದ ಬರ್ಬೇಕು?"

"ಬಾಯಿ ಮಾಡ್ಬೇಡ. ಬಿಲ್ ನೋಡು ಮೊದ್ಲು. ನಾಲ್ಕು ಕೋಣೆ ಮುಂಡೇವು ಸೇರ್ಕೊಂಡು ಫ್ಯಾಕ್ಟರಿ ನಡೆಸೋವಷ್ಟು ಉರಿಸಿದ್ದೀರ. ನಿನ್ನ ಇಸ್ತ್ರಿ ಪೆಟ್ಟಿಗೇನೇ ಅರ್ಧ ನುಂಗಿರುತ್ತೆ."

ಅವಳು ಪೆಟ್ಟಿಗೆಯ ಮುಚ್ಚಳ ತೆರೆದು ತೋರಿಸಿದಳು. ಒಳಗೆ ಕೆಂಡ ನಿಗಿನಿಗಿ ಎನ್ನುತ್ತಿತ್ತು.

"ಇದ್ದಿಲಿಂದು ಸಾಮಿ."

ಓನರು ಒಂದು ಗಳಿಗೆ ಕೆಂಡವನ್ನೇ ನೋಡಿದ. "ಇದ್ದಿಲಾದ್ರೇನು? ಬಿಸಿ ಬಿಸೀನೇ," ಎಂದು ಬಿಲ್ಲನ್ನು ಗಾಳಿಗೆ ಬಿಟ್ಟ. ಅದು ತೇಲಿಕೊಂಡು ಬಂದು ಮೋರಿಯ ಅಂಚಿಗೆ ಬಿತ್ತು. ಕೆಳಗಿನವರಿಗೆ ಕೈಯಿಂದ ಕೈಗೆ ಏನನ್ನೂ ಕೊಡುವ ರೂಢಿ ಅವನಿಗಿರಲಿಲ್ಲ. ಅವರ ಹೊಸ್ತಿಲನ್ನಂತೂ ಒಮ್ಮೆಯೂ ತುಳಿದವನಲ್ಲ. ಬಾಡಿಗೆಯನ್ನು ಮಾತ್ರ ಮೂಗಿಗೆ ಕರವಸ್ತ್ರ ಹಿಡಿದು ಎಣಿಸಿಕೊಳ್ಳುತ್ತಿದ್ದ. ದುಡ್ಡಿಗೆ ವಾಸನೆ ಇರಲಿಲ್ಲವೇನೋ.

ಆ ನಾಲ್ಕು ಕೋಣೆಗಳು ಮೊದಲು ಗಾಡಿ ನಿಲ್ಲಿಸಲೆಂದು ಕಟ್ಟಿದ್ದವು. ಗಾಡಿಗಿಂತ ಮನುಷ್ಯರೇ ಲಾಭವೆಂದು ಓನರಿಗೆ ಆಮೇಲೆ ಹೊಳೆಯಿತು. ಕಿಟಕಿಯಿಲ್ಲ. ಒಂದೊಂದಕ್ಕೂ ಒಂದು ಬಲ್ಬು, ಮನಸ್ಸು ಬಂದರೆ ತಿರುಗುವ ಒಂದು ಫ್ಯಾನು. ಮಹಡಿಯಲ್ಲಿ ಮಾತ್ರ ಕೋಣೆಗೊಂದು ತಂಪು ಯಂತ್ರ. ಅವುಗಳ ನೀರೆಲ್ಲ ಕೆಳಗಿನವರ ಬಾಗಿಲಿಗೇ ತೊಟ್ಟಿಕ್ಕುತ್ತಿತ್ತು. "ಪಾಪ, ಧರ್ಮಾತ್ಮ. ಅವನ ತಂಪಲ್ಲಿ ನಮಗೂ ಪಾಲು ಇಟ್ಟವ್ನೆ," ಎಂದು ಪಕ್ಕದ ಕೋಣೆಯ ಗಾರೆಯವನು ತಲೆ ಒರೆಸಿಕೊಳ್ಳುತ್ತಿದ್ದ.

ಮೀಟರು ಇದ್ದದ್ದು ಇಸ್ತ್ರಿಯವಳ ಕೋಣೆಯಲ್ಲಿ, ಅವಳ ಅತ್ತೆಯ ಮಂಚದ ಮೇಲಿನ ಗೋಡೆಗೆ. ಕಬ್ಬಿಣದ ಡಬ್ಬಿ, ಅದಕ್ಕೊಂದು ಬೀಗ, ಇಣುಕಲು ಅಂಗೈಯಷ್ಟು ಗಾಜು. ಬೀಗದ ಕೈ ಓನರಿನ ಸೊಂಟದಲ್ಲಿ. ಇದು ಕೆಳಗಿನವರದ್ದು ಮಾತ್ರ, ಮಹಡಿಗೆ ಬೇರೆ ಮೀಟರಿದೆ ಎನ್ನುತ್ತಿದ್ದ. ಆ ಬೇರೆ ಮೀಟರನ್ನು ಕಂಡವರಿರಲಿಲ್ಲ. ಕೊನೆಯ ಕೋಣೆಯ ಆಸ್ಪತ್ರೆ ಆಯಾ ಒಮ್ಮೆ ಕೇಳಿದ್ದಳು. "ನಿನ್ನಂಥವಳ ಕಣ್ಣು ಬೀಳೋ ಜಾಗದಲ್ಲಿ ಇಟ್ಟಿಲ್ಲ ಬಿಡು," ಎಂದಿದ್ದ.

ಅತ್ತೆ ಇಟ್ಟಿಗೆ ಹೊರುವಾಗ ಬಿದ್ದು ಸೊಂಟ ಕಳೆದುಕೊಂಡವಳು. ನಾಲಿಗೆಗೆ ಪೆಟ್ಟಾಗಿರಲಿಲ್ಲ. ಅಂಗಾತ ಮಲಗಿ ದಿನವಿಡೀ ಮೀಟರಿನ ಕೆಂಪು ದೀಪ ಮಿಣುಕುವುದನ್ನು ನೋಡುವುದೇ ಅವಳ ಕೆಲಸ. "ಈ ವಯಸ್ಸಲ್ಲೂ ನಂಗೆ ಕಣ್ಣು ಹೊಡೆಯೋ ಗಂಡಸು ಇವನೊಬ್ನೇ," ಎನ್ನುತ್ತಿದ್ದಳು. ಮೋರಿಯ ಪಕ್ಕ ಬಿದ್ದ ಬಿಲ್ಲಿನ ವಿಷಯ ಸೊಸೆ ಹೇಳಿದಾಗ ಮುದುಕಿ ಯೋಚಿಸಿ ಅಂದಳು:

"ಎಲ್ಲರೂ ಒಂದ್ಸಲ ಎಲ್ಲಾನೂ ಆರಿಸ್ರೇ. ಇವನು ಆಗಲೂ ಕಣ್ಣು ಹೊಡೀತಾನಾ ನೋಡಾಣ."

ರಜೆಯ ದಿನ ಮಧ್ಯಾಹ್ನ ನಾಲ್ಕೂ ಕೋಣೆಯವರು ಬಲ್ಬು, ಫ್ಯಾನು ಎಲ್ಲ ಆರಿಸಿ ಮುದುಕಿಯ ಮಂಚದ ಸುತ್ತ ಉಸಿರು ಬಿಗಿಹಿಡಿದು ನಿಂತರು. ಕೆಂಪು ದೀಪ ಮೊದಲಿನಂತೆಯೇ ಪಟಪಟ ಹೊಡೆದುಕೊಳ್ಳುತ್ತಿತ್ತು.

"ಬೋಳಿಮಗ," ಎಂದ ಗಾರೆಯವನು. ಮೀಟರಿಗೆ ಅಂದನೋ, ಮಹಡಿಗೆ ಅಂದನೋ, ಯಾರೂ ಕೇಳಲಿಲ್ಲ.

ಆಯಾ ಕರೆಂಟು ಕಚೇರಿಯಲ್ಲಿ ಇಡೀ ಬೆಳಗ್ಗೆ ನಿಂತು ದೂರು ಕೊಟ್ಟು ಬಂದಳು. ಸಾಹೇಬರು ಬಂದರು. ಬಂದವರು ನೆಟ್ಟಗೆ ಮಹಡಿ ಹತ್ತಿದರು. ತಂಪಿನಲ್ಲಿ ಕೂತು ತಿಂದು, ಕುಡಿದು, ಬಾಯಿ ಒರೆಸಿಕೊಂಡು ಇಳಿದು ಬಂದು ಬಾಗಿಲಾಚೆಯಿಂದಲೇ ಕತ್ತು ಚಾಚಿದರು.

"ಏನಮ್ಮ ತೊಂದರೆ?"

"ಎಲ್ಲ ಆರಿಸಿದ್ರೂ ಮೀಟರ್ ಓಡ್ತದೆ ಸಾರ್," ಎಂದಳು ಇಸ್ತ್ರಿಯವಳು. "ಒಳಗೆ ಬಂದು ನೋಡಿ."

"ಮೀಟರ್ ಅಂದ್ಮೇಲೆ ಓಡದೆ ಕುಂಟುತ್ತಾ? ಹಳೇ ವೈರು, ಸೋರುತ್ತೆ."

"ಸೋರಿದ್ದು ಎಲ್ಲಿಗೆ ಹೋಗುತ್ತೆ ಸಾರ್? ಮೇಲಕ್ಕಾ?"

ಓನರು ಹಿಂದೆ ನಿಂತು ನಕ್ಕ. ಸಾಹೇಬರು ನಗಲಿಲ್ಲ. "ಓದು ಬರಹ ಇಲ್ಲದವ್ರೆಲ್ಲ ಇಂಜಿನಿಯರ್ ಆಗಿಬಿಟ್ರೆ ನಾವೇನು ಕತ್ತೆ ಕಾಯೋಣ್ವಾ?" ಎಂದು ಜೀಪು ಹತ್ತಿದರು.

ಧೂಳು ಅಡಗುವ ಮೊದಲೇ ಓನರು ತನ್ನ ಡ್ರೈವರನಿಗೆ ಬೀಗದ ಕೈ ಕೊಟ್ಟು ಒಳಗೆ ಕಳಿಸಿದ. ಡಬ್ಬಿಯೊಳಗೆ ಎರಡು ಫ್ಯೂಸುಗಳಿದ್ದವು. ಡ್ರೈವರ್ ಒಂದನ್ನು ಕಿತ್ತ. ನಾಲ್ಕೂ ಕೋಣೆ ಕತ್ತಲಾದವು. ಇನ್ನೊಂದನ್ನು ಮುಟ್ಟಲಿಲ್ಲ, ಮತ್ತೆ ಬೀಗ ಹಾಕಿದ.

"ನಿಮಗೆ ಅನುಮಾನ ಅಲ್ವಾ? ಕತ್ತಲಲ್ಲಿ ಕೂತ್ಕೊಂಡು ಪಡ್ರಿ ಅನುಮಾನ," ಎಂದ ಓನರು.

ಕೂತರು. ಬೇರೆ ಕಡೆ ಹೋಗೋಣವೆಂದರೆ ಮುಂಗಡ ಅವನ ಹೊಟ್ಟೆಯಲ್ಲಿತ್ತು. ಆ ಸೆಕೆಯಲ್ಲಿ, ಫ್ಯಾನಿಲ್ಲದ ಕೋಣೆಯಲ್ಲಿ, ಮುದುಕಿಯ ಬೆನ್ನು ಹಾಸಿಗೆಗೆ ಅಂಟಿಕೊಂಡಿತು. ಮೊದಲು ಕೆಂಪಾಯಿತು, ಆಮೇಲೆ ಸುಲಿಯಿತು. ಇಸ್ತ್ರಿಯವಳು ಹಗಲೆಲ್ಲ ಊರವರ ಬಟ್ಟೆಯ ಸುಕ್ಕು ತೆಗೆದು ಬಂದು, ಸಂಜೆ ಮುದುಕಿಯನ್ನು ಮಗ್ಗುಲಾಗಿಸಿ ರಟ್ಟಿನಿಂದ ಗಾಳಿ ಬೀಸುತ್ತಿದ್ದಳು. ಆಯಾ ಆಸ್ಪತ್ರೆಯಿಂದ ಮುಲಾಮು ತಂದು ಹಚ್ಚುತ್ತಿದ್ದಳು. ನೋವಾದಾಗ ಮುದುಕಿ ದೇವರನ್ನು ಕರೆಯುತ್ತಿರಲಿಲ್ಲ, ಓನರಿನ ವಂಶವನ್ನು ಹೆಸರು ಹಿಡಿದು ಕರೆಯುತ್ತಿದ್ದಳು.

ಗೋಡೆಯ ಮೇಲೆ ಮಾತ್ರ ಕೆಂಪು ದೀಪ ಮಿಣುಕುತ್ತಲೇ ಇತ್ತು.

ತಿಂಗಳು ಮುಗಿಯಿತು. ಬಿಲ್ಲು ಮತ್ತೆ ತೇಲಿ ಬಂತು. ಗಾರೆಯವನು ಓದಿಸಿಕೊಂಡು ಬಂದು ನಗತೊಡಗಿದ, ನಿಲ್ಲಿಸಲಾಗದೆ ಗೋಡೆಗೊರಗಿದ.

"ಹೋದ್ಸಲಕ್ಕಿಂತ ಜಾಸ್ತಿ ಕಣಕ್ಕ! ಕತ್ತಲೆ ದುಬಾರಿ ಆಗೈತೆ."

ಇಸ್ತ್ರಿಯವಳು ನಗಲಿಲ್ಲ. ಅತ್ತೆಯ ಬೆನ್ನಿನ ಬಟ್ಟೆ ಬಿಡಿಸುತ್ತಿದ್ದಳು. ಬಟ್ಟೆಯ ಜೊತೆ ಚರ್ಮವೂ ಬಂತು. ಅವಳು ಬಟ್ಟೆಯನ್ನು ಪಕ್ಕಕ್ಕಿಟ್ಟು ಗೋಡೆಯ ಡಬ್ಬಿಯನ್ನು ನೋಡಿದಳು.

ಆವತ್ತೇ ಮಹಡಿಯಲ್ಲಿ ದೊಡ್ಡ ಕೂಟ. ಓನರನ್ನು ಬೀದಿಯ ಹಿತರಕ್ಷಣಾ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದ್ದರು. ಕರೆಂಟಿನ ಸಾಹೇಬರೇ ಮುಖ್ಯ ಅತಿಥಿ. ಮಟಮಟ ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿ, ಯಂತ್ರಗಳನ್ನೆಲ್ಲ ಹಚ್ಚಿ, ಓನರು ಮೈಕು ಹಿಡಿದಿದ್ದ. ಅವನ ದನಿ ಕೆಳಗಿನ ಗೋಡೆಗಳನ್ನೂ ನಡುಗಿಸುತ್ತಿತ್ತು.

"ನಾನು ಚಿಕ್ಕಂದಿನಿಂದ ಒಬ್ಬರ ಹಂಗಲ್ಲಿ ಬದುಕಿದವನಲ್ಲ..."

"ಸುತ್ತಿಗೆ ಇದೆಯೇನಣ್ಣ?" ಎಂದಳು ಇಸ್ತ್ರಿಯವಳು.

ಗಾರೆಯವನು ತಂದ. ಬೀಗ ಎರಡೇ ಏಟಿಗೆ ಬಾಯಿ ಬಿಟ್ಟಿತು. ಅವಳು ರಬ್ಬರ್ ಚಪ್ಪಲಿ ಮೆಟ್ಟಿ, ಕೈಗೆ ಒಣ ಬಟ್ಟೆ ದಪ್ಪಗೆ ಸುತ್ತಿಕೊಂಡು ಮಂಚದ ತುದಿ ಹತ್ತಿದಳು.

"ಹುಷಾರಕ್ಕ," ಎಂದಳು ಆಯಾ. "ಸತ್ತೋದ್ರೆ ಅದನ್ನೂ ಬಿಲ್‌ಗೆ ಸೇರಿಸ್ತಾನೆ."

ಮೇಲೆ ದನಿ ಏರುತ್ತಿತ್ತು. "ನಾನು ನಂಬಿರೋದು ಒಂದನ್ನೇ. ಅದು ಪ್ರಾಮಾಣಿ..."

ಅವಳು ಎರಡನೆಯ ಫ್ಯೂಸನ್ನು ಕಿತ್ತಳು.

ಮೈಕು ಸತ್ತಿತು. ಯಂತ್ರಗಳು ಒಂದೊಂದಾಗಿ ಗೊರಗೊರ ಎಂದು ಸುಮ್ಮನಾದವು. ಗಾಜಿನ ಹಿಂದೆ ಕೆಂಪು ದೀಪ ಮಿಣುಕುವುದನ್ನು ನಿಲ್ಲಿಸಿಬಿಟ್ಟಿತು. ಇಡೀ ಮನೆ ಬರಿಯ ಮನೆಯಾಯಿತು. ಮೇಲಿಂದ ಓನರಿನ ಬೋಳು ದನಿ, ತೆಳ್ಳಗೆ, ಮುದುಕನೊಬ್ಬನದೆಂಬಂತೆ ಕೇಳಿತು: "ಡ್ರೈವರ್! ಏನಾಯ್ತೋ?"

ಮೊದಲು ಓಡಿ ಬಂದದ್ದು ಡ್ರೈವರ್. ಬಾಗಿಲಲ್ಲಿ ಸುತ್ತಿಗೆ ಹಿಡಿದು ಕೂತಿದ್ದ ಗಾರೆಯವನನ್ನು ನೋಡಿ ಅಲ್ಲೇ ನಿಂತ. ಆಮೇಲೆ ಓನರೇ ಇಳಿದ. ಹಿಂದೆ ಸಾಹೇಬರು, ಅವರ ಹಿಂದೆ ಅತಿಥಿಗಳು, ಕೊರಳಪಟ್ಟಿ ಸಡಿಲಿಸಿಕೊಳ್ಳುತ್ತ. ಅರ್ಧ ಬೀದಿ ಗೇಟಿಗೆ ಬಂದಿತ್ತು.

"ಮಹಡಿಗೆ ಬೇರೆ ಮೀಟರ್ ಅಂದಿದ್ರಲ್ಲ ಸಾಮಿ," ಎಂದಳು ಇಸ್ತ್ರಿಯವಳು ಎಲ್ಲರಿಗೂ ಕೇಳುವಂತೆ. "ನಮ್ದು ಕಿತ್ರೆ ನಿಮ್ದ್ಯಾಕೆ ಸತ್ತೋಯ್ತು?"

ಅತಿಥಿಯೊಬ್ಬರು ಸಾಹೇಬರ ಮುಖ ನೋಡಿದರು. ಸಾಹೇಬರು ತಮ್ಮ ಬೂಟು ನೋಡಿಕೊಂಡರು.

"ಹಲ್ಕಾ ಮುಂಡೆ, ಫ್ಯೂಸ್ ಕೊಡೇ! ಎಲ್ಲಿಟ್ಟಿದ್ದೀಯ?" ಎಂದು ಓನರು ಅರಚಿದ.

ಅವಳ ಕೈ ಬರಿದಾಗಿತ್ತು. ಮಂಚದ ಮೇಲಿಂದ ಮುದುಕಿ ಮಾತಾಡಿದಳು.

"ಇಲ್ಲೈತೆ ಕಣಪ್ಪ, ನನ್ ಬೆನ್ನಿನ ಕೆಳಗೆ. ಕೀವಲ್ಲಿ ಒಸಿ ನೆಂದಿರಬೋದು. ಬಾ, ಒಳಕ್ಕೆ ಬಾ. ನನ್ನ ಎತ್ತಿ, ಮಗ್ಗುಲು ತಿರುಗಿಸಿ, ತಗೊಂಡು ಹೋಗು."

ಓನರು ಡ್ರೈವರನ ಕಡೆ ತಿರುಗಿದ. ಡ್ರೈವರ್ ಆಗಲೇ ಗೇಟಿನ ಜನರೊಳಗೆ ಸೇರಿಹೋಗಿದ್ದ. ಓನರಿನ ಬಿಳಿ ಅಂಗಿಯ ಕಂಕುಳಲ್ಲಿ ಬೆವರು ಹರಡುತ್ತಿತ್ತು. ಕರವಸ್ತ್ರ ಮೂಗಿಗೆ ಹೋಯಿತು, ಹಣೆಗೆ ಹೋಯಿತು, ಮತ್ತೆ ಮೂಗಿಗೆ ಬಂತು.

"ಬಾರಪ್ಪ ಅಧ್ಯಕ್ಷ," ಎಂದಳು ಮುದುಕಿ. "ಯಾಕೆ ನಿಂತ್ಕೊಂಡೆ?"

ಅವನು ಒಂದು ಕಾಲನ್ನೆತ್ತಿದ. ಅದು ಹೊಸ್ತಿಲ ಮೇಲೆ, ಒಳಗೂ ಇಳಿಯದೆ ಹೊರಗೂ ಹೋಗದೆ, ಹಾಗೇ ನಿಂತಿತ್ತು.