ಶಾಯಿ ಡಬ್ಬಿ

"ಸಾಲ ಎತ್ತೋವಾಗ ನೆಟ್ಟಗಿದ್ದ ತಲೆ, ತೀರಿಸೋ ಹೊತ್ತಿಗೆ ಕೆಟ್ಟೋಯ್ತೇನೇ ಮುದುಕಿ?"

ಸಾಲದ ಕಂಪನಿಯ ಮ್ಯಾನೇಜರ್ ಕಾಗದವನ್ನು ಮೇಜಿಗೆ ಕುಕ್ಕಿದ. ಅತ್ತೆ ಅವನ ಟೈ ನೋಡಿ ನಕ್ಕಳು. ಮಗ ಸತ್ತ ಮೇಲೆ ಅವಳಿಗೆ ಮರೆವು. ಬೆಳಿಗ್ಗೆ ಉಂಡದ್ದು ಮಧ್ಯಾಹ್ನ ನೆನಪಿರುವುದಿಲ್ಲ. ಆದರೆ ತಳ ಹಿಡಿದ ಹಂಡೆ ಮುಂದಿಟ್ಟರೆ ಕೈ ತಾನಾಗಿ ತಿಕ್ಕುತ್ತದೆ. ಹೋಟೆಲಿನ ಹಿಂದಿನ ಬಚ್ಚಲಲ್ಲಿ ಅತ್ತೆ, ಸೊಸೆ ಇಬ್ಬರದೂ ಅದೇ ಕೆಲಸ.

ಸಾಕ್ಷಿಗೆ ಸಹಿ ಹಾಕಿದ್ದ ಹೋಟೆಲಿನ ಮೇಸ್ತ್ರಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ನನ್ನ ಕಣ್ಣೆದುರೇ ಹೆಬ್ಬೆಟ್ಟು ಒತ್ತಿದ್ದು ಸಾರ್. ಬೈಕಿಗೆ ಅಂತ."

"ನಮ್ಮತ್ತೆ ಬೈಕಲ್ಲಿ ಎಲ್ಲಿಗೆ ಹೋಗ್ತಾರೆ ಮೇಸ್ತ್ರಿ, ನಿಮ್ಮಪ್ಪನ ಮದುವೆಗಾ?" ಎಂದಳು ಸೊಸೆ. "ಹೊರಗೆ ನೀವು ನಿಲ್ಸಿದೀರಲ್ಲ, ಆ ಹೊಸ ಬೈಕಾ?"

"ಬಾಯ್ಮುಚ್ಚೇ ಮುಂಡೆ! ಗಂಡನ್ನ ತಿಂದ್ಕೊಂಡಿದ್ದು ಸಾಲ್ದಾ?"

ಈ ಮಾತು ಸೊಸೆಗೆ ಹಳೆಯದು.

ಮ್ಯಾನೇಜರ್ ಹೊಸ ಕಾಗದ ತಳ್ಳಿದ. "ಇದಕ್ಕೆ ಒತ್ತಿಸು. ಇನ್ಮೇಲೆ ಮುದುಕಿ ಸಂಬಳ ನೇರ ಇಲ್ಲಿಗೇ ಬರುತ್ತೆ. ಇಲ್ಲಾಂದ್ರೆ ಪೊಲೀಸು."

ಸೊಸೆ ಹಳೆಯ ಕಾಗದ ಎತ್ತಿ ನೋಡಿದಳು. ಹೆಬ್ಬೆಟ್ಟಿನ ಗುರುತು ಸುತ್ತೊಳಗೊಂದು ಸುತ್ತಾಗಿ ಎಷ್ಟು ನಿಚ್ಚಳವಾಗಿತ್ತು!

"ಶಾಯಿ ಕೊಡಿ."

"ಈಗ ದಾರಿಗೆ ಬಂದ್ಲು ನೋಡಿ," ಮೇಸ್ತ್ರಿ ಹಲ್ಲು ಕಿರಿದ.

ಅವಳು ಅತ್ತೆಯ ಹೆಬ್ಬೆರಳು ಹಿಡಿದು ಒತ್ತಿಸಿದಳು. ಮೂಡಿದ್ದು ಬರೀ ಕಪ್ಪು ಬೊಟ್ಟು. ಒರೆಸಿ ಮತ್ತೆ ಒತ್ತಿಸಿದಳು. ಮತ್ತೂ ಬೊಟ್ಟೇ.

"ಸರಿಯಾಗಿ ಒತ್ತೇ!" ಮ್ಯಾನೇಜರ್ ತಾನೇ ಆ ಬೆರಳು ಹಿಡಿದು ಅದುಮಿದ. ಒಂದು ಗೆರೆಯೂ ಏಳಲಿಲ್ಲ.

"ಮೂವತ್ತು ವರ್ಷ ಸೋಡಾಪುಡೀಲಿ ಬೆಂದ ಬೆರಳು ಸಾರ್. ಗೆರೆಯೆಲ್ಲ ಹಂಡೆ ತಿಂದ್ಬಿಟ್ಟಿದೆ. ಹಾಜರಿ ಮಿಷಿನ್ನು ಇವರ ಬೆರಳು ಹಿಡಿಯಲ್ಲ ಅಂತ ದಿನಾ ಅರ್ಧ ಕೂಲಿ ಮುರಿಯೋರು ಈ ಮೇಸ್ತ್ರೀನೇ. ಕೇಳಿ." ಹಳೆಯ ಕಾಗದ ಮ್ಯಾನೇಜರನ ಮುಖದೆದುರು ಹಿಡಿದಳು. "ಹಂಗಾದ್ರೆ ಇದು ಯಾರ ಬೆರಳು?"

ಮೇಸ್ತ್ರಿಯ ಎಡಗೈ ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಯಿತು.

"ಅದೆಲ್ಲ ಆಮೇಲೆ ನೋಡೋಣ, ನೀವೀಗ ಹೊರಡಿ," ಎನ್ನುತ್ತ ಮ್ಯಾನೇಜರ್ ಕಾಗದಕ್ಕೆ ಕೈ ಚಾಚಿದ. ಅವಳು ಅದನ್ನು ಮಡಚಿ ಕುಪ್ಪಸದೊಳಗೆ ಸಿಕ್ಕಿಸಿದಳು. ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಕೂತಳು. ಮೇಜಿನಿಂದ ಎತ್ತಿಕೊಂಡ ಶಾಯಿ ಡಬ್ಬಿ ತೊಡೆಯ ಮೇಲೆ ಬಾಯಿ ತೆರೆದಿತ್ತು.

"ಯಾರೂ ಹೊರಡಲ್ಲ. ಕೈ ಹೊರಗೆ ತೆಗಿಯೋ."

ಮೇಸ್ತ್ರಿ ಕೈಯನ್ನು ಜೇಬಿನಲ್ಲಿ ಇನ್ನೂ ಒಳಕ್ಕೆ ತುರುಕಿದ. ಅತ್ತೆ ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದಳು. ಹಂಡೆ ಎತ್ತಿದ ಕೈ. ಅವನು ಕೊಸರಿದರೂ ಬಿಡಲಿಲ್ಲ.

"ಬಚ್ಚಿಡಬೇಡ ಮಗಾ," ಎಂದಳು. "ಗಲೀಜಾಗಿದ್ರೆ ತಾ, ತಿಕ್ಕಿ ಕೊಡ್ತೀನಿ."