ಬೀರಪ್ಪನ ಎಡೆ

"ನಿಮ್ಮ ಮನೇಲಿ ಇನ್ಯಾರಿಗಾದ್ರೂ ಹೀಗೆ ಕೈ ಮೇಲೆ ಕಪ್ಪು ಮಚ್ಚೆ ಇತ್ತಾ? ರಕ್ತ ವಾಂತಿ ಏನಾದ್ರೂ?"

ಶಿವಮೊಗ್ಗದ ಡಾಕ್ಟರ್ ಕೇಳಿದ್ದು ಇಷ್ಟೇ. ಇಲ್ಲ ಅನ್ನಲು ಬಾಯಿ ತೆರೆದ ಹುಲಿಯಪ್ಪನಿಗೆ ಸತ್ತ ಅಣ್ಣನ ಕೈ ನೆನಪಾಯಿತು. ಕರುಳಲ್ಲಿ ಬೆಳೆದಿದ್ದ ಗಡ್ಡೆಯನ್ನು ಕುಯ್ದು ತೆಗೆದ ಗಾಯ ಇನ್ನೂ ಎಳೆಯುತ್ತಿತ್ತು. ಕ್ಯಾನ್ಸರೇ, ಆದರೆ ಲಕ್ಷಕ್ಕೊಬ್ಬರಿಗೆ ಬರುವಂಥದ್ದು. ಅದನ್ನು ಹದ್ದುಬಸ್ತಿನಲ್ಲಿಡಲು ಈಗ ಹೊಸ ಮಾತ್ರೆ ಬಂದಿದೆ, ದಿನಾ ನುಂಗಬೇಕು ಎಂದರು ಡಾಕ್ಟರ್. ಜೀನ್ ಎಂಬುದೊಂದು ಹುಟ್ಟುವಾಗಲೇ ಕೆಟ್ಟಿರುತ್ತದಂತೆ, ಹೆತ್ತವರಿಂದ ಮಕ್ಕಳಿಗೆ ಇಳಿಯುತ್ತದಂತೆ. ಮೊದಲೇ ಪರೀಕ್ಷೆ ಮಾಡಿಸಿದರೆ ಜೀವ ಉಳಿಸಬಹುದಂತೆ.

"ನಮ್ಮಣ್ಣನಿಗಿತ್ತು," ಎಂದ ಹುಲಿಯಪ್ಪ. "ಅವನಿಗೊಬ್ಳು ಮಗಳಿದಾಳೆ."

"ಹಾಗಾದ್ರೆ ತಡ ಮಾಡ್ಬೇಡಿ. ಕರ್ಕೊಂಡು ಬನ್ನಿ."

ಕರ್ಕೊಂಡು ಬನ್ನಿ ಅಂದರೆ ಆಯಿತೇ ಮಾರಾಯರೇ, ಯಾವ ಮುಖ ಹೊತ್ತು ಹೋಗುವುದು? ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿದ್ದ ಅಣ್ಣ ಬೀರಪ್ಪ ರಕ್ತ ಕಾರಿಕೊಂಡು ಸತ್ತಾಗ, ಹೆಣ ಎತ್ತುವ ಮೊದಲೇ ಅವನು ಕದ್ದು ಕುಡಿದು ಕರುಳು ಸುಟ್ಟುಕೊಂಡ ಎಂದು ಬೀದಿಯವರಿಗೆಲ್ಲ ಹೇಳಿದವನು ಇವನೇ. ರಕ್ತ ಕಾರುವವರು ಕುಡುಕರು ಎಂಬುದು ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಇವನ ಜೊತೆ ದುಡಿಯುವವರಿಗೆಲ್ಲ ಗೊತ್ತಿದ್ದ ಮಾತು. ಎಲುಬಿಲ್ಲದ ನಾಲಿಗೆ, ಅಷ್ಟಕ್ಕೇ ನಿಲ್ಲಲಿಲ್ಲ. ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೇ ಎಡೆ ಇಡಬೇಕಲ್ಲ; ಮುದ್ದೆ, ಕೋಳಿಸಾರಿನ ಪಕ್ಕ ಅಣ್ಣನಿಗೆಂದು ಒಂದು ಬಾಟಲಿ ಸಾರಾಯಿ ಇಟ್ಟ. ಹಬ್ಬಕ್ಕೆಂದು ಇವನ ಮನೆಗೆ ಬಂದಿದ್ದ ಅತ್ತಿಗೆ ದ್ಯಾಮಮ್ಮ ಅದನ್ನು ನೋಡಿದಳು. ಅವರು ಜೀವಮಾನದಲ್ಲಿ ಅದನ್ನು ಮುಟ್ಟಿದವರಲ್ಲ ಎಂದು ಒಂದೇ ಮಾತು ಹೇಳಿ, ಪುಟ್ಟ ಮಗಳ ಕೈ ಹಿಡಿದು ಉಣ್ಣದೆ ಎದ್ದು ಹೋದವಳು ಮತ್ತೆ ಈ ಕಡೆ ಕಾಲಿಡಲಿಲ್ಲ. ಇವನು ಮಾತ್ರ ವರ್ಷ ವರ್ಷವೂ ಬಾಟಲಿ ಇಡುತ್ತಲೇ ಬಂದ. ಅದೂ ಪ್ರೀತಿಯಿಂದ, ಥೂ.

ಮಾರನೇ ದಿನ ಬಸ್ಸು ಹತ್ತಿ ಭದ್ರಾವತಿಯ ನ್ಯೂ ಟೌನಿನಲ್ಲಿದ್ದ ಅತ್ತಿಗೆಯ ಮನೆಗೆ ಹೋದ. ದ್ಯಾಮಮ್ಮ ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು, ನೆಲ ನೋಡಿಕೊಂಡು, ತನ್ನ ಕಾಯಿಲೆ, ಡಾಕ್ಟರ್ ಹೇಳಿದ್ದು, ಅಣ್ಣನನ್ನು ಕೊಂದದ್ದೂ ಅದೇ ಇರಬೇಕು ಎಂಬುದು, ಎಲ್ಲ ಹೇಳಿದ. ತಾಯಿಯ ಹಿಂದೆ ನಿಂತಿದ್ದ ಕವನ ಎತ್ತರದ ಹುಡುಗಿಯಾಗಿದ್ದಳು, ಥೇಟ್ ಅಪ್ಪನ ಮುಖ.

"ಅವತ್ತೂ ನೀನು ಇಷ್ಟೇ ಖಂಡಿತವಾಗಿ ಹೇಳಿದ್ದೆ," ಎಂದಳು ದ್ಯಾಮಮ್ಮ. "ಹೋಗು, ಅದೇ ಬೀದೀಲಿ ನಿಂತು ಈಗ ಇದನ್ನ ಹೇಳು. ಆಮೇಲೆ ಮಗಳನ್ನ ಕಳಿಸ್ತೀನಿ."

ಬೀದಿಯ ನಲ್ಲಿಯಲ್ಲಿ ನೀರು ಬಂದಿತ್ತು. ಹೆಂಗಸರು ಕೊಡ ಇಟ್ಟುಕೊಂಡು ಮಾತಾಡುತ್ತಿದ್ದರು. ಹುಲಿಯಪ್ಪ ಹೊಟ್ಟೆ ಹಿಡಿದುಕೊಂಡು ಅವರ ಮುಂದೆ ಹೋಗಿ ನಿಂತ.

"ನಮ್ಮಣ್ಣ ಬೀರಪ್ಪ ಕುಡ್ದು ಸತ್ತಿದ್ದಲ್ಲ. ಕಾಯಿಲೆಯಿಂದ ಸತ್ತ. ನಾನು ಹೇಳಿದ್ದು ಸುಳ್ಳು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರ್ಖಾನೆಯ ಕೆಲಸ ಬಿಟ್ಟು ಹಳಬರೆಲ್ಲ ಯಾವಾಗಲೋ ಮನೆ ಖಾಲಿ ಮಾಡಿದ್ದರು. ಇವರೆಲ್ಲ ಆಮೇಲೆ ಬಂದವರು. ಒಬ್ಬಾಕೆ ಪಾಪ ಅನಿಸಿ ಮೆಲ್ಲಗೆ ಕೇಳಿದಳು, "ಯಾವ ಬೀರಪ್ಪ, ಅಣ್ಣಾ?"

ಮಾತು ವಾಪಸು ತೆಗೆದುಕೊಳ್ಳೋಣವೆಂದರೆ ಕೇಳಿಸಿಕೊಂಡವರೇ ಇಲ್ಲ.

"ನಮ್ಮಪ್ಪ," ಅಂದಿತು ಹಿಂದಿನಿಂದ ಒಂದು ದನಿ. ಕವನ ಚಪ್ಪಲಿ ಮೆಟ್ಟಿಕೊಂಡು ಬಂದು ನಿಂತಿದ್ದಳು. ಚಿಕ್ಕಪ್ಪನ ಕಡೆ ನೋಡದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಅವನು ಸ್ವಲ್ಪ ದೂರ ಬಿಟ್ಟು ಹಿಂದೆ ನಡೆದ.