ಗಾರೆ ತಾತನ ಚಿಪ್ಪು

“‘ಗಿಡವಾಗಿ ಬಗ್ಗಿದ್ದು ಮರವಾಗಿ ನೆಟ್ಟಗಾದೀತೇ?’ ಗಾದೆ ಇರೋದೇ ಹೀಗೆ ಅಂತ ಇವನು ಆಣೆ ಇಡ್ತಿದ್ದ ಕಣ್ರೀ. ಇದು ಕಟ್ಟುಕತೆ ಅಲ್ಲ, ನನ್ನ ಕಿವಿಯಾರೆ ಕೇಳಿದ್ದು,” ಎನ್ನುತ್ತ ನರ್ಸಮ್ಮ ಹೆಣದ ಉಗುರುಸಂದಿಯ ಬಿಳಿ ಪ್ಲಾಸ್ಟರನ್ನು ಸೂಜಿಮೊನೆಯಿಂದ ಕೆರೆದು ತೆಗೆಯುತ್ತಿದ್ದರು.

“ಬಿಡಿ ಅಕ್ಕಾ,” ಎಂದಳು ಅವನ ಹೆಂಡತಿ. “ಮೂವತ್ತು ವರ್ಷ ಉಜ್ಜಿ ಉಜ್ಜಿ ಸೋತೆ. ಮದುವೆ ದಿನಾನೂ ಹಾಗೇ ಬಂದಿದ್ರು ಮಹಾರಾಯ್ರು.”

ಬೆನ್ನುಮೂಳೆ ಸೊಟ್ಟಗಾದ ಮಕ್ಕಳಿಗೆ ಕಂಕುಳಿನಿಂದ ಸೊಂಟದವರೆಗೆ ಪ್ಲಾಸ್ಟರ್ ಕಟ್ಟುವುದು ಆಸ್ಪತ್ರೆಯಲ್ಲಿ ಅವನ ಕೆಲಸ. ಮಕ್ಕಳ ಬಾಯಲ್ಲಿ ಅವನು ಗಾರೆ ತಾತ, ಪ್ಲಾಸ್ಟರು ಚಿಪ್ಪು. ಮೊನ್ನೆ ಊಟದ ಡಬ್ಬಿ ಬಿಚ್ಚುವಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

ಐದು ವರ್ಷದ ಮಗಳ ಕೈ ಹಿಡಿದು ಒಬ್ಬ ತಾಯಿ ಸಾವಿನ ಮನೆಯೊಳಗೆ ಬಂದಳು. ಹುಡುಗಿಯ ಅಂಗಿಯೊಳಗೆ ಅವನೇ ಕಟ್ಟಿದ ಚಿಪ್ಪು. ಬಾಗಿಲ ಬಳಿ ನಿಂತಿದ್ದ ಸರ್ಜನ್ ಡಾಕ್ಟರನ್ನು ತಾಯಿ ಅಲ್ಲೇ ತಡೆದಳು.

“ಮುಂದಿನ ತಿಂಗಳು ಚಿಪ್ಪು ಬದಲಾಯಿಸ್ಬೇಕಲ್ಲ ಡಾಕ್ಟ್ರೇ. ಯಾರು ಕಟ್ತಾರೆ?”

ಡಾಕ್ಟರು ಎಂದಿನಂತೆ ಮೂಗಿನಲ್ಲೇ ಕೆಮ್ಮಿದರು. “ಹೂಂ... ನೋಡೋಣ. ಕಟ್ಟೋ ಕೈ ಇಲ್ಲಮ್ಮ. ಬಿಗಿ ತಪ್ಪಿದ್ರೆ ಪಕ್ಕೆಲುಬೇ ಅಮುಕಿಹೋಗುತ್ತೆ. ಅವನ ಹತ್ರ ಕಲಿಯೋಕೆ ಅಂತ ನಾವು ಒಬ್ಬರನ್ನೂ ಹಾಕ್ಲಿಲ್ಲ.”

“ಹಾಗಾದ್ರೆ ಆಪರೇಷನ್ನೇ? ಒಂದೇ ಸಲಕ್ಕೆ ಮುಗಿಸಿಬಿಡಿ.”

“ಒಂದೇ ಸಲಕ್ಕೆ ಅಂದ್ರೆ ಮೂಳೆ ಬೆಸೆಯೋದು. ಈಗಲೇ ಬೆಸೆದ್ರೆ ಬೆನ್ನು ಬೆಳೆಯಲ್ಲ, ಎದೆಯಲ್ಲಿ ಉಸಿರಿಗೆ ಜಾಗ ಸಾಲಲ್ಲ. ಅದಕ್ಕೇ ಬೆನ್ನೊಳಗೆ ಕಂಬಿ ಹಾಕ್ಬೇಕು. ಇವಳು ಬೆಳೆದ ಹಾಗೆ ಆರಾರು ತಿಂಗಳಿಗೆ ಬೆನ್ನು ಕೊಯ್ದು ಕಂಬಿ ಉದ್ದ ಮಾಡ್ಬೇಕು.”

“ಎಷ್ಟು ವರ್ಷ?”

“ಸುಮಾರು ವರ್ಷ. ಇನ್ನೆರಡು ವರ್ಷ ಚಿಪ್ಪಲ್ಲೇ ತಳ್ಳಿದ್ದಿದ್ರೆ ನಾಲ್ಕು ಕೊಯ್ತ ಉಳೀತಿತ್ತು.”

ತಾಯಿ ಬೆರಳು ಮಡಿಚಿ ಎಣಿಸತೊಡಗಿದಳು. ಒಂದು ಕೈ ಮುಗಿದ ಮೇಲೆ ಬಿಟ್ಟುಬಿಟ್ಟಳು.

*

ಮೊದಲ ಚಿಪ್ಪಿನ ದಿನ ಅರಿವಳಿಕೆಯಿಂದ ಎಚ್ಚೆತ್ತ ಹುಡುಗಿ ಕಿರುಚಿಕೊಂಡಿದ್ದಳು: “ಇದನ್ನ ತೆಗೀರಿ!”

ಗಾರೆ ತಾತ ಚಿಪ್ಪಿನ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದ. ಮೂಗಿನಲ್ಲೇ ಕೆಮ್ಮಿ ಡಾಕ್ಟರ ದನಿ ತೆಗೆದ: “ಹೂಂ... ನೋಡೋಣ. ಒಳಗ್ಯಾರಿದ್ದೀರಿ?”

ಅಳು ನಿಂತಿತು. “ನಾನಿದ್ದೀನಿ.”

“ಒಬ್ರೇನಾ? ನೆಂಟರೇನಾದ್ರೂ ಬಂದಿದ್ದಾರಾ?”

ಹುಡುಗಿ ಕಿಸಕ್ಕೆಂದಳು. ನರ್ಸಮ್ಮ ಬಾಗಿಲತ್ತ ನೋಡುತ್ತ, “ಸಾಹೇಬ್ರು ಕೇಳಿಸ್ಕೊಂಡ್ರೆ ನಿನ್ನ ಬಾಯಿಗೇ ಪ್ಲಾಸ್ಟರ್!” ಎಂದು ಅವನನ್ನು ಗದರಿದ್ದರು. ಆ ದನಿಯ ಆಟ ಆಸ್ಪತ್ರೆಗೆಲ್ಲ ಗೊತ್ತಿತ್ತು, ಡಾಕ್ಟರೊಬ್ಬರನ್ನು ಬಿಟ್ಟು.

*

ಬೆಂಚಿನ ಮೇಲಿದ್ದ ಮರದ ಪೆಟ್ಟಿಗೆಯಲ್ಲಿ ಅವನನ್ನು ಮಲಗಿಸಿ ಮುಚ್ಚಳ ಹಾಕಿದರು. ಹುಡುಗಿ ತಾಯಿಯ ಕೈ ಕೊಸರಿಕೊಂಡು ನೆಟ್ಟಗೆ ನಡೆದುಹೋಗಿ ಪೆಟ್ಟಿಗೆಯ ಪಕ್ಕದ ಹಲಗೆಗೆ ಟಕ್ ಟಕ್ ಎಂದು ಬಡಿದಳು. ಮೂಗಿನಲ್ಲೇ ಕೆಮ್ಮಿದಳು.

“ಹೂಂ... ನೋಡೋಣ. ಒಳಗ್ಯಾರಿದ್ದೀರಿ?”

ನರ್ಸಮ್ಮ ಕಣ್ಣು ಮುಚ್ಚಿಕೊಂಡರು. ಡಾಕ್ಟರ ಕೈ ತಮ್ಮ ಗಂಟಲಿಗೆ ಹೋಯಿತು. ಆಗ ಹೆಂಡತಿಯ ಬಾಯಿಂದ ಪುಸಕ್ಕನೆ ನಗು ಹಾರಿತು. ಅದರ ಬೆನ್ನಿಗೇ ಇನ್ನೊಂದು, ಮತ್ತೊಂದು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಡಾಕ್ಟರು. ಮಿಕ್ಕವರು ನಿಲ್ಲಿಸಿದ ಮೇಲೂ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗುತ್ತಲೇ ಇದ್ದರು.

“ಶ್!” ಎಂದಳು ಹುಡುಗಿ, ಹಲಗೆಗೆ ಕಿವಿಯಿಟ್ಟು. “ತಾತ ಹೇಳೋದು ಕೇಳಿಸ್ತಿಲ್ಲ.”